ಎಷ್ಟು ಬಿದ್ದರೆ ಒಳ್ಳೆ ಗುರಿ? ಕೇಪಿನ ಕೋವಿಯಿಂದ ಏರ್ ರೈಫಲ್‌ವರೆಗೆ

ನಮ್ಮ ಶಿರಸಿ ಕಡೆ ಮದುವೆ ಮನೆಯಲ್ಲಿ ಬಾಳೆಲೆ ಹಾಕುವುದು ಸ್ವಲ್ಪ ತಡವಾದರೆ ಸಾಕು, ಯಾರಾದರೂ ಒಬ್ಬರು ಕೋವಿಯ ಮಾತು ತೆಗೆಯುತ್ತಾರೆ. ಕಾಲೇಜಿನಲ್ಲಿ ಆಟದ ಮಾಸ್ತರನಾಗಿದ್ದವನು, ಎನ್‌ಸಿಸಿ ಹುಡುಗರನ್ನು ಫೈರಿಂಗಿಗೆ ಕರೆದೊಯ್ಯುತ್ತಿದ್ದವನು ಅಂತ ಪ್ರಶ್ನೆ ನನ್ನ ಕಡೆಗೇ ತಿರುಗುತ್ತದೆ. "ಮಾಸ್ತರೇ, ಐವತ್ತು ಮಾರು ದೂರದ ತೆಂಗಿನಕಾಯಿ ಕೆಡವಿದೆ. ಚೊಲೋ ಗುರಿ ಅಲ್ವಾ?" ನಾನು ತಿರುಗಿ ಕೇಳುವುದು ಮೂರೇ ಮಾತು. ಯಾವ ಕೋವಿ? ಎಷ್ಟು ಈಡಿಗೆ ಒಂದು ಬಿತ್ತು? ನಿಂತು ಹೊಡೆದಿರೋ, ಒರಗಿಸಿ ಹೊಡೆದಿರೋ?

ಎರಡನೇ ಪ್ರಶ್ನೆಗೆ ಸಾಮಾನ್ಯವಾಗಿ ಊಟಕ್ಕೆ ಕರೆ ಬರುತ್ತದೆ.

ಮರದ ಮೇಲಿನ ಕಾಯಿಗೆ ಹೊಡೆಯುವುದೇ ತಪ್ಪು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮೇಲಕ್ಕೆ ಹೋದ ಗುಂಡು ಎಲ್ಲೋ ಒಂದು ಕಡೆ ಇಳಿಯಲೇಬೇಕು. ನಮ್ಮಲ್ಲಿ ತೋಟದ ಆಚೆ ಇನ್ನೊಬ್ಬರ ತೋಟ, ಅದರಾಚೆ ಮನೆ. ಇನ್ನು ಗುರಿಯ ವಿಚಾರ. ಬಿದ್ದದ್ದೊಂದನ್ನು ಲೆಕ್ಕ ಇಟ್ಟು ಬೀಳದ್ದನ್ನು ಬಿಟ್ಟರೆ ಎಲ್ಲರೂ ಗುರಿಕಾರರೇ. ಐದು ಈಡು ಹೊಡೆದರೆ ಐದೂ ಎಷ್ಟು ಅಗಲದೊಳಗೆ ಬೀಳುತ್ತವೆ ಅಂತ ನೋಡಬೇಕು. ಆ ಅಗಲ ಒಂದೊಂದು ಕೋವಿಗೆ ಒಂದೊಂದು. ಏರ್ ರೈಫಲ್ಲಿಗೆ ಕಳಪೆ ಅನ್ನುವ ಅಳತೆ, ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿಗೆ ಕನಸು.

ಅಳೆಯುವ ಕ್ರಮ

ಜಾಗದಿಂದ ಶುರು ಮಾಡಿ. ಬೆಳೆ ರಕ್ಷಣೆಗೆ ಕೊಟ್ಟ ಲೈಸೆನ್ಸು ಬೆಳೆ ರಕ್ಷಣೆಗೆ ಮಾತ್ರ. ಅದನ್ನು ಹಿಡಿದು ಬೆಟ್ಟದಲ್ಲಿ ಗುರಿ ಕಲಿಯುವ ಹಾಗಿಲ್ಲ. ರೈಫಲ್ ಕ್ಲಬ್ಬಿನ ರೇಂಜಿಗೆ ಹೋಗಬೇಕು. ರಾಜ್ಯದ ಹಲವು ಜಿಲ್ಲೆಗಳಲ್ಲಿ ಪೊಲೀಸರು ನಾಗರಿಕರಿಗೆ ಬಂದೂಕು ತರಬೇತಿ ನಡೆಸುತ್ತಾರೆ, ಅದು ಇನ್ನೂ ಒಳ್ಳೆಯದು. ಸುತ್ತ ನಿಂತು ತಿದ್ದುವವರು ಇರುತ್ತಾರೆ.

ಬಿಳಿ ಕಾಗದದ ನಡುವೆ ಒಂದು ಕಪ್ಪು ಬೊಟ್ಟು. ಮರಳು ತುಂಬಿದ ಚೀಲದ ಮೇಲೆ ಕೋವಿಯ ಮುಂಗೈ ಇಡುವ ಭಾಗ ಕೂರಿಸಿ. ನಳಿಗೆಯನ್ನೇ ಚೀಲಕ್ಕೆ ತಾಗಿಸಬೇಡಿ, ತಾಗಿಸಿದರೆ ಗುಂಡು ಬೇರೆ ಕಡೆ ಹೋಗುತ್ತದೆ. ಐದು ಈಡು, ಒಂದೇ ಕಡೆ ಗುರಿ ಇಟ್ಟು. ನಡುವೆ ಎದ್ದು ಹೋಗಿ ನೋಡುವುದು ಬೇಡ, ಗುರಿ ನೋಡುವ ಸೈಟ್ ತಿರುಗಿಸುವುದೂ ಬೇಡ. "ಅದು ನನ್ನ ಕೈ ಅಲುಗಿ ಹೋಯಿತು, ಲೆಕ್ಕಕ್ಕಿಲ್ಲ" ಅನ್ನುವಂತಿಲ್ಲ. ಅಲುಗಿದ್ದೂ ಲೆಕ್ಕಕ್ಕಿದೆ.

ಆಮೇಲೆ ಅತಿ ದೂರದ ಎರಡು ತೂತು ಹುಡುಕಿ. ಒಂದರ ಹೊರ ಅಂಚಿನಿಂದ ಇನ್ನೊಂದರ ಹೊರ ಅಂಚಿಗೆ ಸ್ಕೇಲ್ ಇಟ್ಟು ಅಳೆಯಿರಿ. ಅದರಲ್ಲಿ ಗುಂಡಿನ ದಪ್ಪ ಕಳೆಯಿರಿ. ಏರ್ ರೈಫಲ್ಲಿಗೆ 4.5 ಮಿ.ಮೀ., .22 ರೈಫಲ್ಲಿಗೆ 5.6, .315ಕ್ಕೆ 8 (ಆ ಹೆಸರುಗಳು ಇಂಚಿನಲ್ಲಿ ಹೇಳಿದ ದಪ್ಪ). ಉಳಿದದ್ದು ನಿಮ್ಮ ಗ್ರೂಪ್. ಹೊರಗಿನಿಂದ ಅಳೆಯುವುದು ಯಾಕೆಂದರೆ ತೂತಿನ ನಡು ಎಲ್ಲಿದೆ ಅಂತ ಕಣ್ಣಂದಾಜಿನಲ್ಲಿ ಹೇಳಲು ಆಗುವುದಿಲ್ಲ.

ಬೇರೆ ಬೇರೆ ದೂರದ ಗ್ರೂಪನ್ನು ಹೋಲಿಸುವುದಕ್ಕೆ ಶೂಟಿಂಗಿನವರು ಮಿನಿಟ್ ಲೆಕ್ಕ ಇಟ್ಟುಕೊಂಡಿದ್ದಾರೆ. ಗಡಿಯಾರದ ಮಿನಿಟ್ ಅಲ್ಲ, ಒಂದು ಡಿಗ್ರಿ ಕೋನದ ಅರವತ್ತರಲ್ಲಿ ಒಂದು ಪಾಲು. 100 ಮೀಟರ್ ದೂರದಲ್ಲಿ ಅದು 29 ಮಿ.ಮೀ. ಅಗಲ. ಹತ್ತು ರೂಪಾಯಿ ನಾಣ್ಯ 27 ಮಿ.ಮೀ. ಇದೆ, ಹೆಚ್ಚುಕಮ್ಮಿ ಅಷ್ಟೇ. 50 ಮೀಟರಿಗೆ ಅದರ ಅರ್ಧ, 10 ಮೀಟರಿಗೆ ಹತ್ತನೇ ಒಂದು, ಅಂದರೆ 3 ಮಿ.ಮೀ.ಗೆ ಚೂರು ಕಡಿಮೆ. ಲೆಕ್ಕ ಸುಲಭ: ಗ್ರೂಪನ್ನು ಮಿಲಿಮೀಟರಿನಲ್ಲಿ ಬರೆದು ದೂರದ ಮೀಟರಿನಿಂದ ಭಾಗಿಸಿ, ಬಂದದ್ದನ್ನು 0.29ರಿಂದ ಭಾಗಿಸಿ. 50 ಮೀಟರಿನಲ್ಲಿ 20 ಮಿ.ಮೀ. ಬಂದರೆ 1.4 ಮಿನಿಟ್.

ಇನ್ನೊಂದು ಮಾತು, ಇದನ್ನು ಬಹಳ ಜನ ಮರೆಯುತ್ತಾರೆ. ಕಡಿಮೆ ಈಡು ಹೊಡೆದಷ್ಟೂ ಗ್ರೂಪ್ ಚಿಕ್ಕದಾಗಿ ಕಾಣುತ್ತದೆ. ಮೂರು ಈಡಿಗೆ ಸರಾಸರಿ 2.4 ಸೆಂ.ಮೀ. ಕೊಡುವ ಬಂದೂಕೇ ಐದಕ್ಕೆ 3 ಸೆಂ.ಮೀ. ಕೊಡುತ್ತದೆ, ಹತ್ತಕ್ಕೆ 3.8. ಬಂದೂಕು ಕೆಟ್ಟಿಲ್ಲ, ಅವಕಾಶ ಜಾಸ್ತಿ ಆದಂತೆ ಒಂದೊಂದು ಈಡು ಹೊರಗೆ ಬೀಳುತ್ತದೆ, ಅಷ್ಟೇ. ಯಾರಾದರೂ ಫೋನಿನಲ್ಲಿ ಮೂರು ತೂತಿನ ಫೋಟೋ ತೋರಿಸಿದರೆ ಮನಸ್ಸಿನಲ್ಲೇ ಕಾಲು ಪಾಲು ಸೇರಿಸಿಕೊಳ್ಳಿ.

ಐದೂ ಒಟ್ಟಿಗೆ ಬಿದ್ದು ನಡುವಿನಿಂದ ದೂರ ಇದ್ದರೆ ಸಂತೋಷಪಡಿ. ಅದು ಸೈಟಿನ ತಕರಾರು, ತಿರುಗಿಸಿದರೆ ಸರಿಯಾಗುತ್ತದೆ. ಒಂದು ನಡುವಿಗೆ ಬಿದ್ದು ನಾಲ್ಕು ಚದುರಿದ್ದರೆ ಸೈಟ್ ಮುಟ್ಟಬೇಡಿ. ಎನ್‌ಸಿಸಿ ಹುಡುಗರಿಗೆ ಇದನ್ನು ಹೇಳಿ ಹೇಳಿ ಸಾಕಾಗುತ್ತಿತ್ತು. ಬುಲ್ಲಿಗೆ, ಅಂದರೆ ನಡು ಬೊಟ್ಟಿಗೆ, ಒಂದು ಬಿದ್ದವನು ಕುಣಿಯುತ್ತಿದ್ದ, ಮೂಲೆಯಲ್ಲಿ ಐದನ್ನೂ ಒಟ್ಟಿಗೆ ಹಾಕಿದವನು ಮುಖ ಸಣ್ಣ ಮಾಡಿಕೊಳ್ಳುತ್ತಿದ್ದ. ನನ್ನ ಪಟ್ಟಿಯಲ್ಲಿ ಮೊದಲ ಹೆಸರು ಮೂಲೆಯವನದ್ದು.

ಒರಗಿಸಿ ಹೊಡೆದ ಗ್ರೂಪ್ ಬಂದೂಕಿನದ್ದು, ನಿಂತು ಹೊಡೆದದ್ದು ನಿಮ್ಮದು. ಎರಡನ್ನೂ ಬೇರೆ ಬೇರೆ ಅಳೆಯಿರಿ. ನಿಂತಾಗ ಎಲ್ಲರದ್ದೂ ಕೆಡುತ್ತದೆ. ನಮ್ಮ ನೆರೆಯ ಕೊಲ್ಹಾಪುರದ ಕಡೆಯ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 50 ಮೀಟರ್ ರೈಫಲ್ ಮೂರು ಭಂಗಿಯಲ್ಲಿ ಕಂಚು ಗೆದ್ದರಲ್ಲ, ಅರ್ಹತಾ ಸುತ್ತಿನಲ್ಲಿ ಅವರ ಅಂಕ 590. ಒಂದೊಂದು ಭಂಗಿಗೆ 200ಕ್ಕೆ. ಮಂಡಿಯೂರಿ 198, ಮಲಗಿ 197, ನಿಂತು 195. ಲೋಕದಲ್ಲೇ ಮೂರನೆಯವರಾಗಿ ನಿಂತವರಿಗೂ ನಿಂತು ಹೊಡೆಯುವುದರಲ್ಲೇ ಅಂಕ ಜಾಸ್ತಿ ಹೋಯಿತು. ನಮಗೆ ಎಷ್ಟು ಹೋಗಬೇಕು!

ಏರ್ ರೈಫಲ್

ಈಗ ಮನೆಯಲ್ಲಿ ಮಕ್ಕಳಿದ್ದವರು ಹೆಚ್ಚು ಕೇಳುವುದು ಇದನ್ನೇ. ಕಾರವಾರದಲ್ಲಿ ಓದುವ ನನ್ನ ಅಕ್ಕನ ಮಗಳು ರಜೆಗೆ ಬಂದಾಗಲೆಲ್ಲ ನಮ್ಮ ಉದ್ದ ಜಗಲಿಯಲ್ಲಿ ಹತ್ತು ಮೀಟರ್ ಅಳೆದು ಗುರಿಯ ಕಾರ್ಡ್ ಕಟ್ಟುತ್ತಾಳೆ. ಹಿಂದೆ ದಪ್ಪ ಹಲಗೆ, ಹಲಗೆಯ ಮುಂದೆ ಹಳೆ ಗೋಣಿ ತುಂಬಿದ ಪೆಟ್ಟಿಗೆ. ಅತ್ತ ಕಡೆಯ ಬಾಗಿಲಿಗೆ ಒಳಗಿನಿಂದ ಚಿಲಕ. ಚಿಲಕ ಹಾಕಿದ್ದು ನೋಡದೆ ಪೆಲೆಟ್, ಅಂದರೆ ಏರ್ ರೈಫಲ್ಲಿನ ಸಣ್ಣ ಗುಂಡು, ಕೈಗೆ ಕೊಡುವುದಿಲ್ಲ ಅಂತ ನನ್ನ ಕಟ್ಟುನಿಟ್ಟು.

ಆ ಕಾರ್ಡನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. ಹೊರಗಿನ ಉಂಗುರ 45.5 ಮಿ.ಮೀ. ಅದರೊಳಗಿನ ಕಪ್ಪು ಭಾಗ 30.5. ನಡುವಿನ ಹತ್ತರ ಬೊಟ್ಟು ಬರೀ ಅರ್ಧ ಮಿಲಿಮೀಟರ್, ಪೆನ್ನಿನ ತುದಿ ತಾಗಿಸಿದಷ್ಟು. ಹೊಸಬರು ಅದನ್ನು ನೋಡಿ ಹೆದರುತ್ತಾರೆ. ಹೆದರಬೇಕಿಲ್ಲ. ಪೆಲೆಟ್ 4.5 ಮಿ.ಮೀ. ದಪ್ಪ ಇದೆ, ಅದರ ಅಂಚು ಬೊಟ್ಟಿಗೆ ತಾಗಿದರೂ ಹತ್ತು. ಅಂದರೆ ನಡುವಿನಿಂದ ಎರಡೂವರೆ ಮಿಲಿಮೀಟರ್ ಆಚೀಚೆ ಹೋದರೂ ಹತ್ತು ಸಿಗುತ್ತದೆ. ಅಲ್ಲಿಂದ ಒಳಗೆ ಹೋದಂತೆ 10.1, 10.2 ಹೀಗೆ ಏರಿ ಸರಿ ನಡುವಿಗೆ 10.9. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ ಕೊನೆಯ ಈಡು 10.8. ನಡುವಿನಿಂದ ಅರ್ಧ ಮಿಲಿಮೀಟರಿನ ಒಳಗೆ. ಅದೂ ನಿಂತು, ಫೈನಲ್ಲಿನ ಕೊನೆಯ ಈಡಿನಲ್ಲಿ.

ಮನೆಯಲ್ಲಿ ಇರುವ ಮಾಮೂಲಿ ಸ್ಪ್ರಿಂಗ್ ರೈಫಲ್ ಒರಗಿಸಿ ಹೊಡೆದರೆ ಹತ್ತು ಮೀಟರಿಗೆ ಐದು ಪೆಲೆಟ್ ಒಂದು ಸೆಂಟಿಮೀಟರಿನೊಳಗೆ ಬಿದ್ದರೆ ಅಡ್ಡಿಲ್ಲ. 5-6 ಮಿ.ಮೀ. ಬಂದರೆ ಒಳ್ಳೆ ರೈಫಲ್, ಮಾರಬೇಡಿ. ಪಂದ್ಯದ ರೈಫಲ್ ಆದರೆ ಐದೂ ಒಂದೇ ತೂತಿನಲ್ಲಿ ಹೋಗಬೇಕು, ತೂತಿನ ಅಂಚು ಸ್ವಲ್ಪ ಹರಿದಂತೆ ಕಾಣಬೇಕು ಅಷ್ಟೇ. ಎರಡು ಸೆಂಟಿಮೀಟರ್ ಚದುರಿದರೆ ರೈಫಲ್ಲಿಗೆ ಬಯ್ಯುವ ಮೊದಲು ಹಿಡಿತ ನೋಡಿ. ಸ್ಪ್ರಿಂಗಿನದ್ದು ಪೆಲೆಟ್ ನಳಿಗೆಯಿಂದ ಹೊರಬೀಳುವ ಮೊದಲೇ ಹಿಂದೆ ಮುಂದೆ ಜಗ್ಗುತ್ತದೆ. ಬಿಗಿಯಾಗಿ ಅಮುಕಿ ಹಿಡಿದರೆ ಪ್ರತಿ ಸಲವೂ ಬೇರೆ ಬೇರೆ ಜಗ್ಗು. ರೈಫಲ್ಲಿನ ಮುಂಭಾಗ ಅಂಗೈ ಮೇಲೆ ಸುಮ್ನೆ ಕೂರಿಸಿ, ಜಗ್ಗುವಷ್ಟು ಜಗ್ಗಲಿ ಅಂತ ಬಿಡಿ. ಅದಾದ ಮೇಲೂ ಚದುರಿದರೆ ಬೇರೆ ಪೆಲೆಟ್ ತಂದು ನೋಡಿ. ಕಾಗದಕ್ಕೆ ಚಪ್ಪಟೆ ತಲೆಯದ್ದು ಬೇಕು, ಗುಂಡಗೆ ತೂತು ಕತ್ತರಿಸುತ್ತದೆ. ಚೂಪು ತಲೆಯದ್ದು ಕಾಗದ ಹರಿಯುತ್ತದೆ, ಅಳೆಯಲು ಬರುವುದಿಲ್ಲ.

ನಿಂತು ಹೊಡೆಯುವ ಮಗುವಿಗೆ ಮೊದಲ ಗುರಿ ಇಷ್ಟೇ: ಹತ್ತಕ್ಕೆ ಹತ್ತೂ ಕಪ್ಪಿನೊಳಗೆ. ಕಪ್ಪು ಅಂದರೆ ನಾಲ್ಕು ಅಂಕದಿಂದ ಮೇಲೆ. ಅಲ್ಲಿಂದ ಅರವತ್ತು ಈಡಿನ ಪೂರ್ತಿ ಪಂದ್ಯ ಆಡಿ 550 ದಾಟಿದರೆ ಮಗು ದಾರಿಯಲ್ಲಿದೆ. 600 ದಾಟಿದರೆ ಸರಾಸರಿ ಹತ್ತು, ಕ್ಲಬ್ಬಿನಲ್ಲಿ ಹೆಸರು ಹೇಳುತ್ತಾರೆ. ಪ್ಯಾರಿಸ್ಸಿನಲ್ಲಿ ಅರ್ಜುನ್ ಬಬುತಾ 630.1 ಹೊಡೆದು ಏಳನೆಯವರಾಗಿ ಫೈನಲ್ ಸೇರಿದರು. ಗರಿಷ್ಠ 654. ಸರಾಸರಿ ನೋಡಿದರೆ ಅರವತ್ತೂ ಈಡು ನಡುವಿನಿಂದ ಒಂದು ಮಿಲಿಮೀಟರಿಗಿಂತ ಚೂರೇ ಜಾಸ್ತಿ ಆಚೀಚೆ. "ಮಾವಾ, ಅಷ್ಟು ನಂಗೆ ಯಾವಾಗ ಬತ್ತು?" ಅಂತ ಹುಡುಗಿ ಕೇಳುತ್ತಾಳೆ. ಮೊದಲು ಜಗಲಿಯಲ್ಲಿ ಪೆಲೆಟ್ ಡಬ್ಬಿ ಎಲ್ಲಿ ಬಿಟ್ಟೆ ಹುಡುಕು ಅನ್ನುತ್ತೇನೆ.

ಏರ್ ಪಿಸ್ತೂಲಿನ ಕಾರ್ಡ್ ದೊಡ್ಡದು. ಹತ್ತರ ಉಂಗುರವೇ 11.5 ಮಿ.ಮೀ. ಒಂದೇ ಕೈಯಲ್ಲಿ ಚಾಚಿ ಹಿಡಿಯಬೇಕು, ಅದಕ್ಕೇ ಆ ರಿಯಾಯಿತಿ. ಇಲ್ಲಿ ಬಿಂದುವಿನ ಆಚೆ ಲೆಕ್ಕ ಇಲ್ಲ, 600ಕ್ಕೆ ಎಷ್ಟು ಅಂತ. ಪ್ಯಾರಿಸ್ಸಿನಲ್ಲಿ ಮನು ಭಾಕರ್ 580 ಹೊಡೆದು ಮೂರನೆಯವರಾಗಿ ಫೈನಲ್ ಸೇರಿದರು, ಆಮೇಲೆ ಕಂಚು. ಗಂಡಸರಲ್ಲಿ ಸರಬ್ಜೋತ್ ಸಿಂಗ್ 577 ಹೊಡೆದೂ ಒಂಬತ್ತನೆಯವರಾಗಿ ಹೊರಗುಳಿದರು. ಮನೆಯಲ್ಲಿ ಕಲಿಯುವವರಿಗೆ 500 ಬಂದರೆ ಚೊಲೋ, 540 ಬಂದರೆ ಬಹಳ ಚೊಲೋ.

ಏರ್ ರೈಫಲ್ ಕೈಗೆ ಕೊಟ್ಟಾಗ ಅಂಗಳದ ಹಕ್ಕಿ, ಅಳಿಲಿನ ಕಡೆ ತಿರುಗಿಸುವ ಹುಡುಗರಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಏರ್ ರೈಫಲ್ಲಿಗೂ ಅಷ್ಟೇ ಅನ್ವಯ. ಕಾರ್ಡ್ ಇದೆ, ಅದಕ್ಕೇ ಹೊಡೆಯಲಿ.

.22 ಮತ್ತು ದೊಡ್ಡ ರೈಫಲ್

.22 ನನ್ನ ಮೆಚ್ಚಿನದು. ಎನ್‌ಸಿಸಿಯಲ್ಲಿ 25 ಮೀಟರಿಗೆ ಮಲಗಿ ಹೊಡೆಸುತ್ತಿದ್ದೆವು, ಹಳೆಯ ಬೋಲ್ಟ್ ರೈಫಲ್, ತೆರೆದ ಸೈಟ್. ಮೊದಲ ಸಲ ಹೊಡೆಯುವ ಹುಡುಗ ಅಥವಾ ಹುಡುಗಿ ಐದು ಗುಂಡನ್ನು 5 ಸೆಂ.ಮೀ. ಒಳಗೆ ಹಾಕಿದರೆ ಒಳ್ಳೇದು ಅನ್ನುತ್ತಿದ್ದೆ. ಎರಡೂವರೆಗೆ ಇಳಿದರೆ ತಂಡಕ್ಕೆ ಆರಿಸುತ್ತಿದ್ದೆ. ಹುಡುಗಿಯರೇ ಬೇಗ ಇಳಿಯುತ್ತಿದ್ದರು. ಹೇಳಿದ್ದನ್ನು ಹೇಳಿದ ಹಾಗೆ ಮಾಡುತ್ತಿದ್ದರು, ಅದೇ ಕಾರಣ ಇರಬೇಕು.

ಪಂದ್ಯ 50 ಮೀಟರಿನದ್ದು. ಅಲ್ಲಿ ಹತ್ತರ ಉಂಗುರ 10.4 ಮಿ.ಮೀ. ಒರಗಿಸಿ ಹೊಡೆದಾಗ ಮಾಮೂಲಿ ರೈಫಲ್, ಮಾಮೂಲಿ ಗುಂಡು 3-4 ಸೆಂ.ಮೀ. ಕೊಟ್ಟರೆ ಸಾಕು. 2 ಸೆಂ.ಮೀ. ಕೊಟ್ಟರೆ ಒಳ್ಳೆ ಜೋಡಿ. ಪಂದ್ಯದ ರೈಫಲ್ಲಿಗೆ ಹೊಂದುವ ಗುಂಡು ಸಿಕ್ಕರೆ ಒಂದು ಸೆಂಟಿಮೀಟರಿನ ಆಸುಪಾಸು. ಹೊಂದುವ ಗುಂಡು ಅಂದೆ, ದುಬಾರಿ ಗುಂಡು ಅನ್ನಲಿಲ್ಲ. .22 ಈ ವಿಷಯದಲ್ಲಿ ಬಹಳ ಹಟಮಾರಿ. ಒಂದು ಪೆಟ್ಟಿಗೆಯ ಗುಂಡು ಅದಕ್ಕೆ ಇಷ್ಟ, ಇನ್ನೊಂದರದ್ದು ಇಷ್ಟ ಇಲ್ಲ, ಕಾರಣ ಕೇಳುವ ಹಾಗಿಲ್ಲ.

ಕಾರವಾರ, ಕುಮಟಾ ಕಡೆಯವರಿಗೆ ಗಾಳಿಯ ಮಾತು ಹೇಳಲೇಬೇಕು. ಗಂಟೆಗೆ 15 ಕಿ.ಮೀ. ವೇಗದ ಅಡ್ಡಗಾಳಿ 50 ಮೀಟರಿನಲ್ಲಿ .22 ಗುಂಡನ್ನು ಸುಮಾರು 2 ಸೆಂ.ಮೀ. ತಳ್ಳುತ್ತದೆ. ಸರಿ ನಡುವಿಗೆ ಹೋಗಬೇಕಾದದ್ದು ಎಂಟಕ್ಕೆ ಹೋಗಿ ಕೂರುತ್ತದೆ. ಕಡಲ ಗಾಳಿ ಬಿಸಿಲೇರಿದ ಮೇಲೆ ಏಳುತ್ತದೆ. ಹಾಗಾಗಿ ಗ್ರೂಪ್ ಅಳೆಯುವುದಿದ್ದರೆ ಬೆಳಿಗ್ಗೆ ಬೇಗ ಮುಗಿಸಿ. ಮಧ್ಯಾಹ್ನದ ಗ್ರೂಪ್ ಅಡ್ಡಕ್ಕೆ ಉದ್ದ, ಮೇಲೆ ಕೆಳಗೆ ಚಿಕ್ಕದಾಗಿದ್ದರೆ ರೈಫಲ್ಲಿನ ತಪ್ಪಲ್ಲ. ಘಟ್ಟದ ಮೇಲೆ ನಮಗೆ ಸುತ್ತ ಮರ, ಇದರ ಕಾಟ ಕಡಿಮೆ.

ದೊಡ್ಡ ರೈಫಲ್ ನಮ್ಮ ತಾಲ್ಲೂಕಿನಲ್ಲಿ ಅಪರೂಪ, ಬೇಗ ಹೇಳಿ ಮುಗಿಸುತ್ತೇನೆ. ನಮ್ಮ ಆರ್ಡ್‌ನೆನ್ಸ್ ಕಾರ್ಖಾನೆಯ .315 ತೆರೆದ ಸೈಟಿನಲ್ಲಿ, ಒರಗಿಸಿ, 100 ಮೀಟರಿಗೆ 10 ಸೆಂ.ಮೀ. ಕೊಟ್ಟರೆ ಒಳ್ಳೇದು. 15 ಬಂದರೂ ಗೊಣಗಬೇಡಿ, ಅರ್ಧ ಪಾಲು ಕಣ್ಣಿನದ್ದು. ನಲವತ್ತು ದಾಟಿದವರಿಗೆ ಹಿಂದಿನ ಸೈಟ್ ಮಂಜಾಗಿಯೇ ಕಾಣುತ್ತದೆ. ಅದು ಮಂಜಾಗಿರಲಿ, ಮುಂದಿನದ್ದು ಚೂಪಾಗಿ ಕಂಡರೆ ಸಾಕು. ದುರ್ಬೀನು ಹಾಕಿದ ಹೊಸ ರೈಫಲ್ ಆದರೆ 100 ಮೀಟರಿಗೆ 3 ಸೆಂ.ಮೀ., ಅಂದರೆ ಒಂದು ಮಿನಿಟ್, ಒಳ್ಳೆಯ ಅಳತೆ. ಸಿಪಾಯಿಯ ಮಾಮೂಲಿ ರೈಫಲ್ ಮೂರು ನಾಲ್ಕು ಮಿನಿಟ್ ಇದ್ದರೂ ಕೆಲಸ ನಡೆಯುತ್ತದೆ.

ಕೋವಿ

ಇನ್ನು ನಮ್ಮ ಮನೆಗಳ ಗೋಡೆಯ ಮೇಲೆ ಇರುವ ಕೋವಿ. ಇದರ ನಳಿಗೆಯ ಒಳಗೆ ರೈಫಲ್ಲಿನ ಹಾಗೆ ಸುರುಳಿ ಗೆರೆ ಇಲ್ಲ, ನುಣುಪು. ಹೊರಬಿದ್ದ ಗುಂಡು ತಿರುಗುವುದಿಲ್ಲ. ತಿರುಗದ ಗುಂಡು ಸ್ವಲ್ಪ ದೂರ ನೇರ ಹೋಗಿ ಆಮೇಲೆ ತನಗೆ ಬೇಕಾದ ಕಡೆ ಹೋಗುತ್ತದೆ. ಅದಕ್ಕೇ 50 ಮಾರಿನ ಕಾಯಿಯ ಕತೆ ನಾನು ಸುಲಭಕ್ಕೆ ನಂಬುವುದಿಲ್ಲ.

ಕೇಪಿನ ಕೋವಿಯಲ್ಲಿ ಒಂಟಿ ಗುಂಡು ಹಾಕಿ, ಒರಗಿಸಿ, 25 ಮೀಟರಿಗೆ ಐದು ಈಡು 10 ಸೆಂ.ಮೀ. ಒಳಗೆ ಬಿದ್ದರೆ ಅದು ಬಹಳ ಒಳ್ಳೆಯ ಕೋವಿ, ಹೊಡೆದವರದ್ದೂ ಒಳ್ಳೆಯ ಕೈ. 15 ಬಂದರೆ ಅಡ್ಡಿಲ್ಲ. ಮಿನಿಟ್ ಲೆಕ್ಕದಲ್ಲಿ 10 ಸೆಂ.ಮೀ. ಅಂದರೆ 14 ಹತ್ತಿರ ಬರುತ್ತದೆ, ರೈಫಲ್ಲಿನವರು ನಗುತ್ತಾರೆ. ನಗಲಿ. ಸುಲಿದ ತೆಂಗಿನಕಾಯಿ ಹೆಚ್ಚುಕಮ್ಮಿ ಅಷ್ಟೇ ಅಗಲ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಇಡುತ್ತಾರಲ್ಲ, ಅದರಲ್ಲಿ ಗೆದ್ದವರಿಗೆ ಮರ್ಯಾದೆ ಸಿಗುವುದು ಸುಮ್ನೆ ಅಲ್ಲ. 50 ಮೀಟರಿಗೆ ಹೋದರೆ ಕೇಪಿನ ಕೋವಿಯ ಚದುರು ಎರಡು ಪಟ್ಟಿಗಿಂತ ಜಾಸ್ತಿ ಆಗುತ್ತದೆ. ಆ ದೂರಕ್ಕೆ ಅದನ್ನು ನಂಬಬೇಡಿ.

ಒಂದೇ ಕೋವಿ ಒಂದು ದಿನ ಒಟ್ಟಿಗೆ, ಇನ್ನೊಂದು ದಿನ ಚೆಲ್ಲಾಪಿಲ್ಲಿ ಹೊಡೆಯುವುದಕ್ಕೆ ಕಾರಣ ಹೆಚ್ಚಾಗಿ ಮದ್ದು. ಅಂಗೈ ಅಂದಾಜಿನಲ್ಲಿ ಸುರಿಯುವವರಿದ್ದಾರೆ. ಪ್ರತಿ ಈಡಿಗೂ ಒಂದೇ ಅಳತೆ ಇರಬೇಕು, ಗಜ, ಅಂದರೆ ಮದ್ದು ತುರುಕುವ ಕೋಲು, ಹಾಕಿ ತುರುಕುವ ಬಲವೂ ಒಂದೇ. ಅಂದಾಜಿನ ಮದ್ದು ಗುರಿ ಕೆಡಿಸುವುದು ಹಾಗಿರಲಿ, ಹಳೆ ನಳಿಗೆಯನ್ನೇ ಒಡೆಯಬಹುದು. ಅಜ್ಜನ ಕಾಲದ ಕೋವಿಯಾದರೆ ಲೈಸೆನ್ಸ್ ಇರುವ ರಿಪೇರಿಯವರಿಗೆ ತೋರಿಸದೆ ಗುರಿ ನೋಡುವ ಕೆಲಸಕ್ಕೇ ಇಳಿಯಬೇಡಿ. ಮಳೆಗಾಲದಲ್ಲಿ ಮದ್ದು, ಕೇಪು ಎರಡೂ ತಣಸು ಹಿಡಿಯುತ್ತವೆ. ಕುದುರೆ, ಅಂದರೆ ಕೇಪಿಗೆ ಬಡಿಯುವ ಕೊಕ್ಕೆ, ಬಿದ್ದು ಈಡು ಹಾರದೆ ಇದ್ದರೆ ನಳಿಗೆಯನ್ನು ಗುರಿಯ ಕಡೆಗೇ ಇಟ್ಟು ಸಾಕಷ್ಟು ಹೊತ್ತು ಕಾಯಿರಿ. ತಡವಾಗಿ ಹಾರುವುದುಂಟು.

ತೋಟೆ ಕೋವಿ, ಅಂದರೆ 12 ಬೋರ್, ಚರೆ (ಕಾಳಿನಂಥ ಸಣ್ಣ ಗುಂಡುಗಳು) ಹಾಕಿ ಹೊಡೆಯುವಾಗ ಲೆಕ್ಕವೇ ಬೇರೆ. ಇಲ್ಲಿ ಗ್ರೂಪ್ ಕೇಳುವುದಿಲ್ಲ. ಒಂದೇ ತೋಟೆಯ ಚರೆ ಹೇಗೆ ಹರಡಿತು ಅಂತ ನೋಡುತ್ತಾರೆ. ಕ್ರಮ ಹೀಗೆ: ನಾಲ್ಕು ಅಡಿ ಚೌಕದ ಕಾಗದ, ಸುದ್ದಿ ಪತ್ರಿಕೆ ಅಂಟಿಸಿ ಮಾಡಿಕೊಂಡರೂ ನಡೆಯುತ್ತದೆ. 40 ಗಜ ದೂರ, ಮೀಟರಿನಲ್ಲಿ 36.5. ಒಂದು ಕಾಗದಕ್ಕೆ ಒಂದೇ ಈಡು. ಚರೆ ಎಲ್ಲಿ ದಟ್ಟವಾಗಿ ಬಿದ್ದಿದೆಯೋ ಅದನ್ನು ನಡು ಮಾಡಿ 30 ಇಂಚಿನ ವೃತ್ತ ಎಳೆಯಿರಿ. ದಾರಕ್ಕೆ ಪೆನ್ಸಿಲ್ ಕಟ್ಟಿದರೆ ಆಯಿತು. ಒಳಗಿನ ತೂತು ಎಣಿಸಿ. ತೋಟೆಯಲ್ಲಿದ್ದ ಒಟ್ಟು ಚರೆಯಲ್ಲಿ ನೂರಕ್ಕೆ ಎಷ್ಟು ಒಳಗೆ ಬಿತ್ತು ಅಂತ ನೋಡಿ. ಒಟ್ಟು ಎಷ್ಟು ಅಂತ ತಿಳಿಯಲು ತೋಟೆ ಬಿಚ್ಚಬೇಡಿ. 28 ಗ್ರಾಮಿಗೆ ನಂಬರ್ 4 ಚರೆ ಸುಮಾರು 170, ನಂಬರ್ 6 ಸುಮಾರು 270 ಇರುತ್ತದೆ. ಪೆಟ್ಟಿಗೆಯ ಮೇಲೆ ತೂಕ ನೋಡಿ ಲೆಕ್ಕ ಹಾಕಿ.

ನಳಿಗೆಯ ಬಾಯಿ ಎಷ್ಟು ಕಿರಿದು ಅನ್ನುವುದರ ಮೇಲೆ ಈ ಶೇಕಡಾ ನಿಂತಿದೆ. ಅದಕ್ಕೆ ಚೋಕ್ ಅನ್ನುತ್ತಾರೆ. ಬಾಯಿ ಕಿರಿದಾಗದ ನೇರ ನಳಿಗೆ ಶೇ. 40 ಕೊಟ್ಟರೆ ಸರಿ. ಅರ್ಧ ಚೋಕಿಗೆ 60, ಪೂರ್ತಿ ಚೋಕಿಗೆ 70. ಜಾಸ್ತಿ ಬಂದಷ್ಟೂ ಒಳ್ಳೇದು ಅಂತಲ್ಲ. 15-20 ಗಜದಲ್ಲಿ ಪೂರ್ತಿ ಚೋಕಿನ ಚರೆ ಮುಷ್ಟಿ ಕಟ್ಟಿದಂತೆ ಹೋಗುತ್ತದೆ, ಅಂಗೈ ಅಗಲ ತಪ್ಪಿದರೂ ಪೂರ್ತಿ ತಪ್ಪಿತು. ಶೇಕಡಾ ಸರಿ ಬಂದರೂ ಕಾಗದವನ್ನು ಇನ್ನೊಮ್ಮೆ ನೋಡಿ. ವೃತ್ತದೊಳಗೆ ಒಂದು ಕಡೆ ಚರೆಯೇ ಬೀಳದ ಖಾಲಿ ಜಾಗ ಕಂಡರೆ, ಮೂರು ನಾಲ್ಕು ಕಾಗದದಲ್ಲೂ ಅದೇ ಬಂದರೆ, ತೋಟೆಯ ಕಂಪನಿ ಅಥವಾ ಚರೆಯ ನಂಬರ್ ಬದಲಿಸಿ.

ಜೋಡಿ ನಳಿಗೆಯವರು ಎರಡನ್ನೂ ಬೇರೆ ಕಾಗದಕ್ಕೆ ಹೊಡೆಯಬೇಕು. ಹಳೆಯ ಕೋವಿಗಳಲ್ಲಿ ಸಾಮಾನ್ಯವಾಗಿ ಬಲ ನಳಿಗೆ ಅಗಲಕ್ಕೆ ಹರಡುತ್ತದೆ, ಎಡದ್ದು ಒಟ್ಟು ಹಿಡಿಯುತ್ತದೆ. ಬೇಕೆಂದೇ ಹಾಗೆ ಮಾಡಿರುತ್ತಾರೆ. ಎರಡರ ನಡುವೂ ಒಂದೇ ಕಡೆ ಬೀಳುತ್ತದೆಯೇ ನೋಡಿ. ಒಂದು ಅಡಿ ಆಚೀಚೆ ಇದ್ದರೆ ಯಾವ ನಳಿಗೆ ಎಲ್ಲಿಗೆ ಹೊಡೆಯುತ್ತದೆ ಅಂತ ನೆನಪಿಟ್ಟುಕೊಳ್ಳುವುದೊಂದೇ ದಾರಿ. ಕಾಗದದ ತೋಟೆ ಹಳೆಯದು ಉಳಿದಿದ್ದರೆ ಗುರಿ ನೋಡಲು ಬಳಸಬೇಡಿ. ನಮ್ಮ ಮಳೆಗೆ ಊದಿಕೊಂಡು ನಳಿಗೆಯೊಳಗೆ ಹೋಗುವುದೇ ಇಲ್ಲ.

ಹಾರುವ ಮಣ್ಣಿನ ತಟ್ಟೆ ಹೊಡೆಯುವ ಟ್ರಾಪ್ ಆಟದಲ್ಲಿ ತಟ್ಟೆ 110 ಮಿ.ಮೀ., ತೋಟೆಯಲ್ಲಿ ಚರೆ 24 ಗ್ರಾಮ್ ಮೀರಬಾರದು. 2004ರಲ್ಲಿ ಅಥೆನ್ಸಿನಲ್ಲಿ ರಾಜ್ಯವರ್ಧನ್ ರಾಥೋಡ್ ಬೆಳ್ಳಿ ಗೆದ್ದದ್ದು ಇದರದೇ ಜೋಡಿ ತಟ್ಟೆಯ ಆಟದಲ್ಲಿ. 25 ತಟ್ಟೆಗೆ ಹೊಸಬರು 12 ಹೊಡೆದರೆ ಚೊಲೋ, 20 ಹೊಡೆದರೆ ಕೈ ಕೂತಿದೆ. ಒಲಿಂಪಿಕ್ಸಿನಲ್ಲಿ 125ಕ್ಕೆ ಐದಾರು ತಪ್ಪಿದರೂ ಫೈನಲ್ ಕಷ್ಟ.

ಬೆಳೆ ಕಾಯುವವರಿಗೆ ಇಷ್ಟೆಲ್ಲ ಬೇಕೇ ಅಂತ ಕೇಳಬಹುದು. ನಿಜ ಹೇಳಬೇಕೆಂದರೆ ಮಂಗ ಓಡಿಸಲು ಬರೀ ಮದ್ದಿನ ಈಡು ಸಾಕು, ಅದಕ್ಕೆ ಗುರಿಯೇ ಬೇಡ. ಶಬ್ದ ಕೇಳಿದರೆ ಓಡುತ್ತವೆ, ಮರುದಿನ ಮತ್ತೆ ಬರುತ್ತವೆ. ಹಂದಿ ಬಂತು ಅಂತ ಕತ್ತಲೆಯಲ್ಲಿ ಸದ್ದು ಕೇಳಿದ ಕಡೆ ಹೊಡೆಯುವವರಿಗೆ ಮಾತ್ರ ಯಾವ ಅಳತೆಯೂ ಕೆಲಸಕ್ಕೆ ಬರುವುದಿಲ್ಲ. ಏನು ಅಂತ ಕಾಣದೆ ನಳಿಗೆ ಎತ್ತಬಾರದು. ಅನುಮತಿ ಇಲ್ಲದೆ ಕಾಡುಪ್ರಾಣಿ ಕೊಲ್ಲಲು ಕಾನೂನೂ ಬಿಡುವುದಿಲ್ಲ, ತೋಟ ಕಾಯಲು ಹೋದ ನೆರೆಮನೆಯವರೂ ಅದೇ ಕತ್ತಲೆಯಲ್ಲಿ ಇರುತ್ತಾರೆ.

ರಿವಾಲ್ವರ್

ಸಿನಿಮಾ ನೋಡಿ ಎಲ್ಲರಿಗೂ ಇದರ ಮೇಲೆ ಅತಿ ನಂಬಿಕೆ. .32 ರಿವಾಲ್ವರಿನ ನಳಿಗೆ ಗಿಡ್ಡ, ಹಿಂದಿನ ಮುಂದಿನ ಸೈಟಿನ ನಡುವೆ ಗೇಣು ಅಂತರವೂ ಇಲ್ಲ. ಅಲ್ಲಿ ಕೂದಲೆಳೆ ತಪ್ಪಿದರೆ ಕಾಗದದಲ್ಲಿ ಬೆರಳಗಲ. ಎರಡು ಕೈಯಲ್ಲಿ ಹಿಡಿದು, ನಿಂತು, 10 ಮೀಟರಿಗೆ ಐದು ಗುಂಡು 10 ಸೆಂ.ಮೀ. ಒಳಗೆ ಬಿದ್ದರೆ ಒಳ್ಳೆಯ ಕೈ. ಹೊಸಬರ ಕಾಗದದ ಮೇಲೆ 30 ಸೆಂ.ಮೀ. ಸಾಮಾನ್ಯ. ಬಲಗೈಯವರ ಗುಂಡೆಲ್ಲ ಕೆಳಗೆ ಎಡಕ್ಕೆ ಹೋಗುತ್ತಿದ್ದರೆ ಟ್ರಿಗರ್ ಎಳೆಯುವಾಗ ಇಡೀ ಮುಷ್ಟಿ ಬಿಗಿಯುತ್ತಿದ್ದೀರಿ ಅಂತ ಅರ್ಥ. ರೇಂಜಿನಲ್ಲಿ ತರಬೇತಿಯವರ ಹತ್ತಿರ ನಡುವೆ ಒಂದೆರಡು ಡಮ್ಮಿ, ಅಂದರೆ ಹಾರದ ಗುಂಡು ಸೇರಿಸಿ ಕೊಡಲು ಹೇಳಿ. ಡಮ್ಮಿಯ ಸರದಿ ಬಂದಾಗ ನಳಿಗೆ ತಲೆ ತಗ್ಗಿಸಿದರೆ ಗೊತ್ತಾಗಿಬಿಡುತ್ತದೆ. ಇದೇ ಉಪಾಯ 12 ಬೋರಿಗೂ ಆಗುತ್ತದೆ. ಅದರ ಒದೆತಕ್ಕೆ ಕಣ್ಣು ಮುಚ್ಚುವವರು ಬಹಳ.

ಬರೆದಿಡುವುದು

ಪ್ರತಿ ಕಾಗದದ ಮೂಲೆಯಲ್ಲಿ ತಾರೀಖು, ಕೋವಿ, ತೋಟೆ ಅಥವಾ ಪೆಲೆಟ್ಟಿನ ಹೆಸರು, ದೂರ, ಒರಗಿಸಿದ್ದೋ ನಿಂತದ್ದೋ ಇಷ್ಟು ಬರೆಯಿರಿ. ಕರಾವಳಿಯವರು ಗಾಳಿಯನ್ನೂ ಬರೆಯಿರಿ. ಒಂದು ಗ್ರೂಪ್ ನೋಡಿ ತೀರ್ಮಾನ ಮಾಡಬೇಡಿ. ಮೂರು ನಾಲ್ಕು ಗ್ರೂಪಿನ ಸರಾಸರಿ ತೆಗೆಯಿರಿ, ಅತಿ ಚಿಕ್ಕದನ್ನು ಮಾತ್ರ ಗೋಡೆಗೆ ಅಂಟಿಸುವ ಆಸೆ ಬಿಡಿ.

ಚುನಾವಣೆ ಬಂದಾಗ ಕೋವಿ ಠಾಣೆಗೆ ಜಮಾ ಆಗುತ್ತದೆ. ಕೊಡುವ ಮೊದಲು ನಳಿಗೆಗೆ ಚೆನ್ನಾಗಿ ಎಣ್ಣೆ ಹಚ್ಚಿ. ವಾಪಸ್ ಬಂದ ಮೇಲೆ ಎಣ್ಣೆ ಪೂರ್ತಿ ಒರೆಸಿ, ನಳಿಗೆಯಲ್ಲಿ ಜೇಡರ ಗೂಡು, ತುಕ್ಕು ಏನೂ ಇಲ್ಲ ಅಂತ ಬೆಳಕಿಗೆ ಹಿಡಿದು ನೋಡಿ. ಒರೆಸಿದರೂ ಮೊದಲ ಈಡು ಉಳಿದವುಗಳ ಜೊತೆ ಬೀಳುವುದು ಕಡಿಮೆ. ಅದನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಗುರುತು ಮಾಡಿ, ಆಮೇಲಿನ ಐದನ್ನು ಬೇರೆಯಾಗಿ ಅಳೆಯಿರಿ.